ಠುಸ್ ಸಾಬರ ಮಗ

ದಾವಣಗೆರೆಯಲ್ಲಿ ನನ್ನ ಕಣ್ಣು ತಪ್ಪಿಸಿಕೊಂಡ ಹಿತ್ತಾಳೆ ಇನ್ನೂ ಹುಟ್ಟಿಲ್ಲ. ನಲವತ್ತೊಂದು ವರ್ಷ ಪಾತ್ರೆ ಅಂಗಡಿ ನಡೆಸಿದವನು ನಾನು. ಪಕ್ಕದ ಬೀದಿಯಲ್ಲಿ ಯಾರಾದರೂ ಕೊಡ ಕೆಳಗಿಟ್ಟರೆ ಆ ಸದ್ದಿನಿಂದಲೇ ಅದರ ತೂಕ ಹೇಳುತ್ತೇನೆ, ತಯಾರಾದ ಊರು ಹೇಳುತ್ತೇನೆ, ಯಾರ ಮದುವೆಯಲ್ಲಿ ಬಳುವಳಿಯಾಗಿ ಬಂತು ಎಂದು ಹೇಳುತ್ತೇನೆ. ಆ ಮದುವೆಯ ಸಾರಿಗೆ ಉಪ್ಪು ಕಮ್ಮಿಯಾಗಿದ್ದರೆ ಅದನ್ನೂ ಹೇಳುತ್ತೇನೆ. ಒಮ್ಮೆ ಬಾವಿಗೆ ಬಿದ್ದಿದ್ದ ತಂಬಿಗೆಯೊಂದು ನನ್ನ ಹೆಜ್ಜೆಯ ಸದ್ದು ಕೇಳಿ ತಾನಾಗಿಯೇ ಮೇಲೆ ಬಂದಿತ್ತು. ನಂಬದವರು ಆ ಬಾವಿಯನ್ನೇ ಕೇಳಬಹುದಿತ್ತು. ಈಗ ಅದರ ಮೇಲೆ ಬ್ಯಾಂಕು ಕಟ್ಟಿದ್ದಾರೆ.

ನನ್ನ ಈ ಕೀರ್ತಿ ಹೊಳೆಯವರೆಗೂ ಹಬ್ಬಿದ್ದರಿಂದಲೇ ಹರಿಹರದ ಹಯಾತ್ ಸಾಬ್ ಹೋದ ವರ್ಷ ನನ್ನನ್ನು ಹುಡುಕಿಕೊಂಡು ಬಂದದ್ದು. ಹೇಳಬೇಕಾದ ಕಥೆ ಅವರದು.

ಹಯಾತ್ ಸಾಬರಿಗೆ ಎಪ್ಪತ್ತು. ಹರಿಹರದ ಹೊಳೆಯ ದಂಡೆಗೆ ಹತ್ತಿರದಲ್ಲೇ ಅವರದೊಂದು ತಗಡಿನ ಶೆಡ್ಡು. ಒಳಗೆ ಅವರಪ್ಪನ ಕಾಲದ ಲೇತ್ ಮಶೀನು. ಚಳಿಗಾಲದ ಬೆಳಿಗ್ಗೆ ಹೊಳೆಯ ಮಂಜು ಬಾಗಿಲು ತಟ್ಟದೆ ಒಳಗೆ ಬರುತ್ತದೆ, ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತು, ಏನೂ ಕೊಳ್ಳದೆ ಎದ್ದು ಹೋಗುತ್ತದೆ. ಆ ಮಂಜಿನಲ್ಲಿ ಲೇತು ತಿರುಗುವ ಸದ್ದು ಕೇಳುತ್ತ ನಿಂತರೆ, ಯಾರೋ ದೂರದಲ್ಲಿ ಮಗುವನ್ನು ಮಲಗಿಸುತ್ತಿದ್ದಾರೆ ಅನ್ನಿಸುತ್ತದೆ. ಔಷಧಿ ಹೊಡೆಯುವ ಪಂಪಿನ ನಾಜಲ್ಲು, ಮೋಟರಿನ ಶಾಫ್ಟು ಅವರ ದಿನದ ಕೆಲಸ. ಕೂದಲೊಂದನ್ನು ಉದ್ದಕ್ಕೆ ಸೀಳಿ, ಎರಡಕ್ಕೂ ತಿರುಪಿನ ಸುತ್ತು ಕೊರೆದು, ಮತ್ತೆ ತಿರುಗಿಸಿ ಕೂಡಿಸಬಲ್ಲ ಕೈ ಅದು. ಗೋಡೆಯ ಮೇಲೆ ಕನ್ನಡಿ ಕಟ್ಟು ಹಾಕಿಸಿದ ಬಂದೂಕು ರಿಪೇರಿಯ ಲೈಸೆನ್ಸು. ವರ್ಷಕ್ಕೆ ಎರಡು ಬಂದೂಕು ಬಂದರೆ ಹೆಚ್ಚು, ಆದರೂ ಅವರು ಅದನ್ನು ಒಂದು ಸಲವೂ ತಪ್ಪದೆ ನವೀಕರಿಸುತ್ತಾರೆ.

ಆದರೆ ಆ ಶೆಡ್ಡಿಗೆ ಹೋಗಬೇಕಾದರೆ ಹಯಾತ್ ಸಾಬರ ಹೆಸರು ಹೇಳಿ ಪ್ರಯೋಜನವಿಲ್ಲ. ಆಟೋದವರು ತಲೆ ಕೆರೆದುಕೊಳ್ಳುತ್ತಾರೆ. ‘ಠುಸ್ ಸಾಬರ ಲೇತ್’ ಎಂದರೆ ಕಣ್ಣು ಮುಚ್ಚಿ ಕರೆದೊಯ್ಯುತ್ತಾರೆ.

ಆ ಹೆಸರು ಬಿದ್ದದ್ದು ಅವರಪ್ಪ ಬುಡನ್ ಸಾಬರಿಗೆ, ಐವತ್ತೆರಡು ವರ್ಷದ ಹಿಂದೆ, ಸಾರಥಿ ಗ್ರಾಮದಲ್ಲಿ. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಮನೆ, ಸಾರಥಿಯಲ್ಲಿ ಜಮೀನು ಇದ್ದ ಗುರುಶಾಂತಪ್ಪ ಎಂಬ ಸಾಹುಕಾರರ ಹತ್ತಿರ ಒಂದು ಅಮೆರಿಕದ ಬಂದೂಕಿತ್ತು. ಅದರ ಹೊಟ್ಟೆಯ ಕೆಳಗೆ ದೊಡ್ಡ ಬಳೆಯಂಥ ಹಿಡಿಕೆ. ಅದನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆದರೆ ಸುಟ್ಟ ತೋಟಾ ಹೊರಗೆ ಹಾರಿ ಹೊಸ ತೋಟಾ ಒಳಗೆ ಕೂರುತ್ತಿತ್ತು. ಪ್ರತಿ ವಿಜಯದಶಮಿ ಸಂಜೆ ಸಾರಥಿಯ ಬನ್ನಿ ಮರದ ಬಳಿ ಸಾಹುಕಾರರು ಆಕಾಶಕ್ಕೆ ಒಂದು ಗುಂಡು ಹಾರಿಸಿದ ಮೇಲೆಯೇ ಜನ ಬನ್ನಿ ಹಂಚಿಕೊಳ್ಳುವುದು. ಆ ಬಂದೂಕಿಗೆ ಹೊಂದುವ ತೋಟಾ ಅಂಗಡಿಗಳಲ್ಲಿ ಬರುವುದು ನಿಂತ ಮೇಲೆ ಬುಡನ್ ಸಾಬರು ಸುಟ್ಟ ಹಿತ್ತಾಳೆ ಕೊಳವೆಗಳಿಗೇ ಕಿಡಿ ಹೊತ್ತಿಸುವ ಹೊಸ ಕ್ಯಾಪು, ಹೊಸ ಮದ್ದು, ಸೀಸದ ಗುಂಡು ತುಂಬಿ ಕೊಡುತ್ತಿದ್ದರು. ಆ ವರ್ಷವೂ ಐದು ತೋಟಾ ತುಂಬಿ, ಆಯುಧಪೂಜೆಯ ಮುನ್ನಾದಿನ ಸಾಹುಕಾರರ ಮನೆಗೆ ಮುಟ್ಟಿಸಿ ಬಂದಿದ್ದರು.

ಮಾರನೇ ದಿನ ಪೂಜೆ, ಅದರ ಮಾರನೇ ದಿನ ಬನ್ನಿ. ಊರೆಲ್ಲ ಕಿವಿ ಮುಚ್ಚಿಕೊಂಡು ನಿಂತಿತ್ತು. ಸಾಹುಕಾರರು ಟ್ರಿಗರ್ ಎಳೆದರು. ಠುಸ್. ಎರಡನೆಯದೂ ಠುಸ್. ಐದೂ ಠುಸ್. ಜನ ಕಿವಿಯಿಂದ ಕೈ ತೆಗೆದರು. ಹಿಂದಿನಿಂದ ಯಾರೋ, “ಠುಸ್ ಸಾಬ್ರ, ಊದುಬತ್ತಿ ಹಚ್ಚಿ ನೋಡ್ರಿ” ಎಂದರು. ಬನ್ನಿ ಮರವೇ ಎಲೆ ಉದುರಿಸಿಕೊಂಡು ನಕ್ಕಿತು.

ಬುಡನ್ ಸಾಬರು ಸಾರಥಿಯಿಂದ ಹರಿಹರಕ್ಕೆ ನಡೆದೇ ಹೊರಟರು. ಹದಿನೆಂಟರ ಹಯಾತ್ ಹಿಂದೆ ಹಿಂದೆ ನಡೆದ. ದಾರಿಯುದ್ದಕ್ಕೂ ಅಪ್ಪನ ಚಪ್ಪಲಿಯ ಸದ್ದೊಂದೇ. ಆ ಸದ್ದು ಇವತ್ತಿಗೂ ಮಧ್ಯಾಹ್ನ ಲೇತು ನಿಲ್ಲಿಸಿದಾಗ ಕೇಳಿಸುತ್ತದೆ ಎನ್ನುತ್ತಾರೆ ಹಯಾತ್ ಸಾಬ್. ಅಪ್ಪ ಮತ್ತೆಂದೂ ತೋಟಾ ಮುಟ್ಟಲಿಲ್ಲ. ಸಾಯುವ ಮುಂಚೆ ಮಗನಿಗೆ ಹೇಳಿದ್ದು ಒಂದೇ ಮಾತು: “ನಾನು ಹಾಕಿದ ಮದ್ದು ಒಣಗಿತ್ತು, ಹಯಾತ್.”

ಈಗ ಗುರುಶಾಂತಪ್ಪನವರು ಇಲ್ಲ. ಬಂದೂಕಿನ ಲೈಸೆನ್ಸು ಅವರ ಹೆಂಡತಿ, ಎಪ್ಪತ್ನಾಲ್ಕರ ಬಸವಣ್ಣೆಮ್ಮನವರ ಹೆಸರಿನಲ್ಲಿದೆ. “ರುದ್ರಾಕ್ಷಿ ಸರಾನೇ ಭಾರ ಆಗೈತೆ, ಇದನ್ನ ಕಟ್ಕಂಡು ಏನು ಮಾಡ್ಲಿ” ಎಂದು ಅವರು ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸಲು ಅರ್ಜಿ ಕೊಟ್ಟರು. ಸುದ್ದಿ ಕೇಳಿದ ಹಯಾತ್ ಸಾಬ್ ತಮ್ಮದೂ ಒಂದು ಅರ್ಜಿ ಬರೆದರು. ಆರು ತಿಂಗಳು ಮೇಜಿನಿಂದ ಮೇಜಿಗೆ ತಿರುಗಿದ ಮೇಲೆ ಅನುಮತಿ ಸಿಕ್ಕಿತು. ಬಂದೂಕು ಒಪ್ಪಿಸುವ ದಿನ, ಪೊಲೀಸ್ ಫೈರಿಂಗ್ ರೇಂಜಿನಲ್ಲಿ, ಇಲಾಖೆಯ ಬಂದೂಕುಗಳನ್ನು ನೋಡಿಕೊಳ್ಳುವ ಆರ್ಮರರ್ ದಿನೇಶ್ ಎಂಬುವರ ಎದುರು, ಅದೇ ಬಂದೂಕಿಗೆ ಎರಡು ತೋಟಾ ತುಂಬಿ ಹಾರಿಸಿ ನೋಡಬಹುದು. ಎರಡೇ. ತಾರೀಖು ಇಪ್ಪತ್ತೆಂಟು, ಮಧ್ಯಾಹ್ನ ಮೂರು.

ಮದ್ದು, ಕ್ಯಾಪು ಕಾಗದದ ಪ್ರಕಾರ ಸಿಕ್ಕವು. ಸಿಗದೇ ಹೋದದ್ದು ಹಿತ್ತಾಳೆ.

“ಖಾಲಿ ತೋಟಾ ಬೇಕು ಸಾವ್ಕಾರ್ರ” ಎಂದರು ಹಯಾತ್ ಸಾಬ್, ನನ್ನ ಜಗಲಿಯ ತುದಿಯಲ್ಲಿ ಕೂತು. “ಎರಡು ಸಿಕ್ರೆ ಸಾಕು.”

“ಎರಡ್ಯಾಕ, ಇನ್ನೂರು ತರ್ತೀನಿ. ಸ್ಕೂಟ್ರು ಹತ್ತು.”

“ಒಂದು ಸಲ ಢಂ ಅನ್ನಿಸ್ಬೇಕು. ಅಷ್ಟೆ. ಆಮ್ಯಾಲೆ ಬಂದೂಕು ಸರ್ಕಾರಕ್ಕೆ ಹೋಗ್ಲಿ, ನಾನು ನಮ್ಮಪ್ಪನ ಹತ್ರ ಹೋಗ್ತೀನಿ.”

“ಹೋಗಿ ಏನು ಹೇಳ್ತೀಯ?”

“ಒಣಗಿತ್ತು ಅಂತ.”

ಜೇಬಿಗೆ ಕೈ ಹಾಕಿದೆ. ಇಂಥ ಹೊತ್ತಿನಲ್ಲಿ ನಾನು ನಶ್ಯ ಏರಿಸುತ್ತೇನೆ. ನಮ್ಮಪ್ಪ ಬಿಟ್ಟು ಹೋದ ಬೆರಳುದ್ದದ ಡಬ್ಬಿ ಸದಾ ಎದೆಯ ಜೇಬಿನಲ್ಲಿರುತ್ತದೆ. ಬಿರಡೆ ತೆಗೆದು ಚಿಟಿಕೆ ಏರಿಸಿದೆ. ಹಯಾತ್ ಸಾಬ್ ಒಮ್ಮೆ ಅತ್ತ ನೋಡಿ ಮುಖ ತಿರುಗಿಸಿದರು. ಘಾಟು ಆಗದು ಪಾಪ, ಎಂದುಕೊಂಡೆ.

ಇಪ್ಪತ್ತು ದಿನ ಹುಡುಕಿದೆವು. ಗುಜರಿ ಅಂಗಡಿಗಳ ಒಂದೊಂದು ರಾಶಿಯನ್ನೂ ಅಗೆದೆವು. ಅಷ್ಟು ಆಳಕ್ಕೆ ಅಗೆದೆವೆಂದರೆ ಒಂದು ಕಡೆ ನೀರು ಬಂತು. ನಲ್ಲಿ ತಿರುಪು, ಮುರಿದ ಆರತಿ ತಟ್ಟೆ, ಮೂಗಿಲ್ಲದ ಗಿಂಡಿ, ಎಲ್ಲವೂ ಸಿಕ್ಕವು. ಮಾಯಕೊಂಡದಲ್ಲಿ ಒಬ್ಬರು “ಐತೆ ಬರ್ರಿ” ಎಂದು ಕರೆದು, ಊಟ ಹಾಕಿ, ಅಟ್ಟ ಹತ್ತಿಸಿ, ಕೊನೆಗೆ ನಮ್ಮ ಕೈಯಲ್ಲಿಟ್ಟದ್ದು ಹಳೆಯ ಲಿಪ್‌ಸ್ಟಿಕ್ಕಿನ ಡಬ್ಬಿ. ಪ್ರತಿ ಸೋಲಿಗೂ ನಾನೊಂದು ಚಿಟಿಕೆ ನಶ್ಯ ಏರಿಸುತ್ತಿದ್ದೆ. ಪ್ರತಿ ಸಲವೂ ಹಯಾತ್ ಸಾಬ್ ಬೇರೆಲ್ಲೋ ನೋಡುತ್ತಿದ್ದರು.

ಕೊನೆಗೆ ಸಾರಥಿಗೇ ಹೋದೆವು. ಊರ ಹೊರಗೆ ಕಾಳವ್ವ ಎಂಬಾಕೆ ಎತ್ತಿಗೆ ನೀರು ಕುಡಿಸುತ್ತಿದ್ದಳು. ಎಳೆಬಿಸಿಲು. ಎತ್ತು ನೀರಿನಿಂದ ತಲೆ ಎತ್ತಿದಾಗ ಅದರ ಕೊಂಬಿನ ಎರಡೂ ತುದಿಯಲ್ಲಿ ಎರಡು ಹನಿ ಬೆಳಕು ನಿಂತಿತು. ಹಯಾತ್ ಸಾಬ್ ನನ್ನ ತೋಳು ಹಿಡಿದರು.

“ಕಾಳವ್ವ, ಎತ್ತಿನ ಕೊಂಬಿಗೆ ಹಾಕಿರೋ ಆ ಅಣಸು ಎಲ್ಲಿದು?”

“ನಮ್ಮತ್ತಿ ಕಾಲದ್ದು ಕಣ್ರಿ. ಸಾವ್ಕಾರ್ರು ಸುಟ್ಟು ಬಿಸಾಕಿದ ತೋಟಾನ ಆರಿಸ್ಕಂಡು ಬಂದು ಹಾಕಿದ್ರು. ಎತ್ತು ಸಾಯ್ತವೆ, ಅಣಸು ಸಾಯಲ್ಲ. ಇದು ಮೂರನೇ ಜೋಡಿ.”

“ನಮಗೆ ಬೇಕಿತ್ತು.”

“ಚಂದ ಐತೆ ನಿಮ್ಮ ಮಾತು. ಎತ್ತು ಬೋಳುಗೊಂಬು ಮಾಡ್ಕಂಡು ತಿರುಗಲಾ? ನಾಲ್ಕು ಜನದಾಗೆ ಅದಕ್ಕೂ ಮರ್ಯಾದಿ ಐತೆ.”

ಗೆಜ್ಜೆ ಇರುವ ಹೊಸ ಜೋಡಿ ಅಣಸು ನನ್ನ ಹಳೆ ಅಂಗಡಿಯಿಂದ ತಂದುಕೊಡುವುದಾಗಿ ಮಾತಾಯಿತು. ಯಾಕೆ ಬೇಕು ಎಂದು ಕೇಳಿ ತಿಳಿದುಕೊಂಡ ಮೇಲೆ ಅವಳೇ ಎತ್ತಿನ ತಲೆ ಹಿಡಿದು ಬಿಚ್ಚಿಕೊಟ್ಟಳು. ಎತ್ತು ಮಾತ್ರ ತವರಿನ ಓಲೆ ಬಿಚ್ಚಿಕೊಟ್ಟ ಸೊಸೆಯಂತೆ ಮುಖ ಮಾಡಿತು.

ಶೆಡ್ಡಿನಲ್ಲಿ ಹಯಾತ್ ಸಾಬ್ ಮೊದಲನೆಯದನ್ನು ಅಪ್ಪನ ಇಕ್ಕಳದಂಥ ಸಾಧನಕ್ಕೆ ಕೊಟ್ಟು ಮೆಲ್ಲಗೆ ಒತ್ತಿದರು. ಅದು ಒಣಗಿದ ಹೂವಿನ ಎಸಳಿನಂತೆ ಸೀಳಿಹೋಯಿತು.

“ಕಾರಹುಣ್ಣಿಮೆಗೊಮ್ಮೆ ಹುಣಸೆಹಣ್ಣು ಹಾಕಿ ತಿಕ್ಯಾರೆ, ಐವತ್ತು ವರ್ಷ” ಎಂದರು. “ಹುಣಸೆಹಣ್ಣು ಹೊಳಪು ಕೊಡ್ತೈತೆ ಸಾವ್ಕಾರ್ರ, ಜೀವ ತಗಂತೈತೆ.”

ಎರಡನೆಯದು ತಡೆದುಕೊಂಡಿತು. ಅದರ ಕತ್ತನ್ನು ಸಣ್ಣ ಉರಿಯಲ್ಲಿ ಕಾಯಿಸಿ ನೀರಿಗೆ ಅದ್ದಿದಾಗ ಹಿತ್ತಾಳೆ ಒಂದು ನಿಟ್ಟುಸಿರು ಬಿಟ್ಟಿತು. ಕರಗಿದ ಸೀಸ ಅಚ್ಚಿನೊಳಗೆ ಹುಣ್ಣಿಮೆಯ ತುಣುಕಿನಂತೆ ಇಳಿಯಿತು. ಮದ್ದು ಹಾಕುವಾಗ ಹಯಾತ್ ಸಾಬ್ ಲೇತು ನಿಲ್ಲಿಸಿದರು, ಫ್ಯಾನು ನಿಲ್ಲಿಸಿದರು. ಹೊಳೆಯೂ ಸ್ವಲ್ಪ ಹೊತ್ತು ಹರಿಯುವುದು ನಿಲ್ಲಿಸಿತೆಂದು ನನ್ನ ಅಂದಾಜು. ಒಂದೊಂದೇ ಕಾಳನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಉಜ್ಜಿ, ಒಣಗಿದೆ ಎಂದು ತಮಗೆ ತಾವೇ ಹೇಳಿಕೊಂಡು ಹಾಕಿದರು. ಕೊನೆಗೆ ಅಂಗೈಯಲ್ಲಿ ಒಂದು ತೋಟಾ ಮಲಗಿತ್ತು. ಬಣ್ಣ ಮಾಸಿತ್ತು, ಅಲ್ಲಲ್ಲಿ ಮಸಿ. ಆದರೆ ಹೊಟ್ಟೆ ತುಂಬಿತ್ತು. ಇನ್ನೊಂದು ಕ್ಯಾಪು, ಇನ್ನೊಂದು ತೋಟಾಕ್ಕಾಗುವ ಮದ್ದು ಹಿತ್ತಾಳೆಯಿಲ್ಲದೆ ಡಬ್ಬಿಯಲ್ಲೇ ಉಳಿದವು.

ಇಪ್ಪತ್ತೇಳರ ಸಂಜೆ ಅದನ್ನು ಬಸವಣ್ಣೆಮ್ಮನವರ ಮನೆಗೆ ತಲುಪಿಸಿದೆವು. ಬಂದೂಕಿಗೆ ಕೊನೆಯ ಪೂಜೆ ಮಾಡಿ ಕಳಿಸಬೇಕೆಂಬುದು ಅವರ ಆಸೆ. ತೋಟಾವನ್ನೂ ಪೂಜೆಗೆ ಇಡಬೇಕೆಂದರು. ಲೈಸೆನ್ಸು ಅವರದೇ, ಹಯಾತ್ ಸಾಬ್ ಕೊಟ್ಟು ಬಂದರು.

ಮಾರನೇ ಬೆಳಿಗ್ಗೆ ಹೋದಾಗ ದೇವರ ಕೋಣೆಯಲ್ಲಿ ಬಂದೂಕಿಗೆ ವಿಭೂತಿ, ಮಲ್ಲಿಗೆ. ಪಕ್ಕದ ತಟ್ಟೆಯಲ್ಲಿ ತೋಟಾ. ಅದು ಬಂಗಾರದಂತೆ ಹೊಳೆಯುತ್ತಿತ್ತು.

“ನೋಡೋ ಹಯಾತಾ, ಹೆಂಗಾಗೈತೆ” ಎಂದರು ಬಸವಣ್ಣೆಮ್ಮ. “ರಾತ್ರಿಯೆಲ್ಲ ಹುಣಸೆ ನೀರಾಗೆ ನೆನೆಸಿಟ್ಟು, ಬೆಳಗ್ಗೆ ಬೂದಿ ಹಾಕಿ ತಿಕ್ಕಿದೆ. ಮಸಿ ಹಿಡಿದದ್ದನ್ನ ದೇವರ ಮುಂದೆ ಇಡಬಾರದು.”

ಹಯಾತ್ ಸಾಬ್ ತೋಟಾ ಎತ್ತಿ ಕಿವಿಯ ಹತ್ತಿರ ಅಲುಗಿಸಿದರು. ಇಟ್ಟರು. ಒಳಗೆ ಮದ್ದಿನ ಸದ್ದಿರಲಿಲ್ಲ.

“ಅಮ್ಮಾರ, ಆಗಿನವು ಆ ಐದೂ?”

“ಯಾವ ಐದೋ?”

“ನಮ್ಮಪ್ಪ ತಂದ್ಕೊಟ್ಟವು. ಆ ವರ್ಷದ ಬನ್ನಿಗೆ.”

“ಅವನ್ನೂ ತೊಳ್ದಿದ್ದೆ. ಆಗ ಹೊಸಾ ಸೊಸೆ ನಾನು. ಆಯುಧಪೂಜೆಗೆ ಮನೆಯಾಗಿರೋ ಹಿತ್ತಾಳೆ ಎಲ್ಲಾ ಬೆಳಗ್ಬೇಕು ಅಂದಿದ್ರು ನಮ್ಮತ್ತಿ. ಬಿಂದಿಗಿ, ತಂಬಿಗಿ, ದೀಪ, ಅದರ ಜೊತಿ ಅವನ್ನೂ…” ಕೈಯಲ್ಲಿದ್ದ ಊದುಬತ್ತಿಯ ಬೂದಿ ಉದ್ದವಾಗಿ ಬೆಳೆದು ತಾನಾಗಿಯೇ ಕಳಚಿತು. ಬಸವಣ್ಣೆಮ್ಮ ಗೋಡೆ ಹಿಡಿದು ಕೆಳಗೆ ಕೂತರು.

“ನಾನು ಅವತ್ತು ಬನ್ನಿಗೆ ಹೋಗಿರಲಿಲ್ಲ ಹಯಾತಾ. ಸಾಬರ ಮದ್ದು ಕೆಟ್ಟಿತ್ತು ಅಂತ ಇವರು ಬಂದು ಹೇಳಿದ್ರು. ನಾನೂ ಹೌದಾ ಅಂದೆ.”

“ನಿಮ್ಗೆ ಗೊತ್ತಿರಲಿಲ್ಲ ಅಮ್ಮಾರ.”

“ಗೊತ್ತಿಲ್ದಿದ್ರೆ ತಪ್ಪು ಒಣಗ್ತೈತೇನೋ?”

ಹಯಾತ್ ಸಾಬ್ ಆ ಹೊಳೆಯುವ ತೋಟಾವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡರು. ನಾನು, “ಇನ್ನೇನು ಮಾಡ್ತೀಯ, ಅದು ಹೋಯ್ತಲ್ಲ” ಎಂದೆ.

“ಇದನ್ನೇ ತಗಂಡು ಹೋಗಾಣ. ಇದು ಠುಸ್ ಅನ್ಲೇಬೇಕು, ಅಂದ್ರೇನೇ ನಮ್ಮಪ್ಪ ನಿಜ. ಆದ್ರೆ ಢಂ ಅನ್ನೋಕೆ ಇನ್ನೊಂದು ಬೇಕು.” ನನ್ನ ಎದೆಯ ಜೇಬನ್ನು ನೋಡಿದರು. “ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ನಿಮ್ಮ ನಶ್ಯದ ಡಬ್ಬಿ ತಿರುಗಿಸಿ ನೋಡ್ರಿ.”

ತಿರುಗಿಸಿದೆ. ತಳದಲ್ಲಿ ದುಂಡಗೆ ಸಣ್ಣ ಇಂಗ್ಲಿಷ್ ಅಕ್ಷರಗಳು. ನಡುವೆ ಸೂಜಿಯಿಂದ ಚುಚ್ಚಿದಂಥ ಒಂದು ತಗ್ಗು. ಆ ಅಕ್ಷರಗಳನ್ನು ನಾನು ನಲವತ್ತು ವರ್ಷ ನಶ್ಯದ ಕಂಪನಿಯ ಹೆಸರೆಂದು ತಿಳಿದಿದ್ದೆ. ಡಬ್ಬಿ ಅದೇ ಬಂದೂಕಿನ ಖಾಲಿ ತೋಟಾ; ಗುರುಶಾಂತಪ್ಪನವರು ನಮ್ಮಪ್ಪನ ಗೆಳೆಯರು ಎಂಬುದು ಆಗ ನೆನಪಾಯಿತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದವಳಾದರೂ ನನ್ನಷ್ಟು ದೂರ ಸ್ಕೂಟರ್ ಓಡಿಸಿರಲಿಲ್ಲ.

“ಮೊದಲ್ನೇ ದಿನಾನೇ ಯಾಕ ಹೇಳಲಿಲ್ಲ?”

“ನಿಮ್ಮಪ್ಪನ ಗುರುತು ಅದು. ನಮ್ಮಪ್ಪನ ಹೆಸರಿಗೋಸ್ಕರ ನಿಮ್ಮಪ್ಪನ್ನ ಹೆಂಗೆ ಕೇಳ್ಲಿ?”

ನಶ್ಯವನ್ನೆಲ್ಲ ಬಸವಣ್ಣೆಮ್ಮನವರ ಗುಲಾಬಿ ಕುಂಡಕ್ಕೆ ಸುರಿದೆ. ಗಿಡ ಮೂರು ದಿನ ಸೀನಿತಂತೆ. ಹರಿಹರಕ್ಕೆ ಸ್ಕೂಟರ್ ಓಡಿತು. ಹಯಾತ್ ಸಾಬ್ ಊಟಕ್ಕೂ ಏಳದೆ ಎರಡನೆಯ ತೋಟಾ ಮುಗಿಸಿದರು. ಅದನ್ನು ಬಟ್ಟೆಯಲ್ಲಿ ಒರೆಸಲೂ ಬಿಡಲಿಲ್ಲ.

ಮೂರು ಗಂಟೆಗೆ ರೇಂಜಿನಲ್ಲಿ ಬಿಸಿಲು ಮಲಗಿತ್ತು. ಮಣ್ಣಿನ ದಿಬ್ಬ, ಅದರ ಮುಂದೆ ಒಂದು ಬಿಳಿ ಹಲಗೆ. ಬಸವಣ್ಣೆಮ್ಮ ಆಟೋದಲ್ಲಿ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೊಡೆ ಹಿಡಿದು ಕೂತರು. ಕಾಳವ್ವ ಸಾರಥಿಯ ಏಳೆಂಟು ಮುದುಕರನ್ನು ಕರೆತಂದಿದ್ದಳು. ಅವರೆಲ್ಲ ಅವತ್ತು ಬನ್ನಿ ಮರದ ಕೆಳಗೆ ನಕ್ಕಿದ್ದವರು. ದಿನೇಶ್ ಕಾಗದ ಓದಿ, ಬಂದೂಕು ನೋಡಿ, “ಶುರು ಮಾಡ್ರಿ ಅಜ್ಜಾರ” ಎಂದರು.

ಹಯಾತ್ ಸಾಬ್ ಹೊಳೆಯುವ ತೋಟಾವನ್ನು ಒಳಗಿಟ್ಟು ಹಿಡಿಕೆ ಎಳೆದರು. ಟ್ರಿಗರ್ ಎಳೆದರು.

ಠುಸ್.

ಅಭ್ಯಾಸಬಲದಿಂದ ಒಬ್ಬ ಮುದುಕ ಕಿಸಕ್ಕೆಂದ. ಹಯಾತ್ ಸಾಬರ ಮುಖದಲ್ಲೂ ನಗು ಮೂಡಿತು. ಆ ಠುಸ್ ಅನ್ನು ಅಷ್ಟು ಪ್ರೀತಿಯಿಂದ ಕೇಳಿದವರು ಲೋಕದಲ್ಲಿ ಇನ್ನೊಬ್ಬರಿರಲಾರರು. ದಿನೇಶ್ ಬಂದೂಕು ಬಿಚ್ಚಿಸಿ, ನಳಿಗೆಯೊಳಗೆ ಸರಳು ಹಾಕಿ, ಅದರ ಬುಡದಲ್ಲೇ ಸಿಕ್ಕಿದ್ದ ಸೀಸವನ್ನು ತಳ್ಳಿ ತೆಗೆದರು. “ಮದ್ದು ಹಸಿ ಆಗೈತೆ” ಎಂದರು.

ಬಸವಣ್ಣೆಮ್ಮ ಕೊಡೆ ಊರಿ ಎದ್ದು ನಿಂತರು. “ಅದು ನಾನು ತೊಳೆದದ್ದು. ಅವತ್ತಿನ ಐದನ್ನೂ ನಾನೇ ತೊಳೆದಿದ್ದೆ, ಹುಣಸೆ ನೀರಾಗೆ. ಬುಡನ್ ಸಾಬರ ಮದ್ದು ಒಣಗಿತ್ತು. ನಕ್ಕವರೆಲ್ಲ ಕೇಳಿಸ್ಕಳ್ರಿ.”

ಕಿಸಕ್ಕೆಂದ ಮುದುಕ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ.

ಹಯಾತ್ ಸಾಬ್ ನನ್ನಪ್ಪನ ಡಬ್ಬಿಯನ್ನು ಬಂದೂಕಿಗೆ ಕೊಟ್ಟರು. ಕಣ್ಣು ಕಿರಿದು ಮಾಡಿದರು.

ಆ ಸದ್ದನ್ನು ಹೇಗೆ ಹೇಳಲಿ. ಐವತ್ತೆರಡು ವರ್ಷ ತಡವಾಗಿ ಹೊರಟ ಗುಂಡು ಅದು. ದಿಬ್ಬಕ್ಕೆ ಬಡಿದು, ಹಿಂತಿರುಗಿ, ನಮ್ಮೆಲ್ಲರ ನಡುವೆ ಹಾದು, ಬಯಲಿನ ಮೇಲೆ ನಿಧಾನವಾಗಿ ನಡೆದು ಹೋಯಿತು. ಹೊಗೆಯಲ್ಲಿ ಮದ್ದಿನ ವಾಸನೆಯ ಜೊತೆ ನಶ್ಯದ ಘಾಟೂ ಇತ್ತು. ದಿನೇಶ್ ಎರಡು ಸಲ ಸೀನಿದರು. ಹಯಾತ್ ಸಾಬ್ ಮಾತ್ರ ಕಿವಿಗೊಟ್ಟು ನಿಂತೇ ಇದ್ದರು, ಸದ್ದು ಪೂರ್ತಿ ಆರುವ ತನಕ, ಆರಿದ ಮೇಲೂ. ಏನು ಕೇಳುತ್ತಿದ್ದೀಯ ಎಂದೆ. “ಚಪ್ಪಲಿ ಸದ್ದು ನಿಂತೈತೆ” ಎಂದರು.

ಬಂದೂಕು ಸರ್ಕಾರಕ್ಕೆ ಹೋಯಿತು. ನಿಯಮದ ಪ್ರಕಾರ ಎರಡೂ ಖಾಲಿ ತೋಟಾಗಳು ಲಕೋಟೆಯೊಳಗೆ ಹೋದವು. ನನ್ನ ನಶ್ಯ ಈಗ ಪ್ಲಾಸ್ಟಿಕ್ ಡಬ್ಬಿಯಲ್ಲಿದೆ. ಪ್ಲಾಸ್ಟಿಕ್ಕಿನ ವಿಷಯದಲ್ಲಿ ನಾನು ಏನೂ ಕೊಚ್ಚಿಕೊಳ್ಳುವುದಿಲ್ಲ. ಹರಿಹರದ ಆಟೋದವರಲ್ಲಿ ಅರ್ಧದಷ್ಟು ಜನ ಈಗ ‘ಬುಡನ್ ಸಾಬರ ಲೇತ್’ ಎನ್ನುತ್ತಾರೆ. ಉಳಿದರ್ಧಕ್ಕೆ ಕಥೆ ಹೇಳುವ ಕೆಲಸ ನಾನು ವಹಿಸಿಕೊಂಡಿದ್ದೇನೆ.

ಮೊನ್ನೆ ಶೆಡ್ಡಿನ ಎದುರಿನ ಚಹಾದಂಗಡಿಯಲ್ಲಿ ಅದೇ ಕೆಲಸ ಮಾಡುತ್ತಿದ್ದೆ. ಆ ಢಂ ಸದ್ದಿಗೆ ದಾವಣಗೆರೆಯ ಅಷ್ಟೂ ಪಾತ್ರೆ ಅಂಗಡಿಗಳಲ್ಲಿ ಕೊಡಗಳು ತಾವಾಗಿಯೇ ಮೊಳಗಿದ್ದು, ತುಂಗಭದ್ರೆ ಒಂದು ಗೇಣು ಹಿಂದಕ್ಕೆ ಸರಿದು ಮೀನುಗಳು ದಾರಿ ಕೇಳಿದ್ದು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೊಸ ಆಟೋದವನೊಬ್ಬ ಗ್ಲಾಸು ಕೆಳಗಿಟ್ಟು, ನಾಜಲ್ಲು ಒರೆಸುತ್ತ ಬಾಗಿಲಲ್ಲಿ ನಿಂತಿದ್ದ ಹಯಾತ್ ಸಾಬರ ಕಡೆ ತಿರುಗಿದ.

“ಹೌದೇನ್ರಿ ಅಜ್ಜಾರ?”

ಹಯಾತ್ ಸಾಬ್ ನಾಜಲ್ಲಿನೊಳಗೆ ಒಮ್ಮೆ ಊದಿ, ಬೆಳಕಿಗೆ ಹಿಡಿದು ನೋಡಿದರು.

“ಸಾವ್ಕಾರ್ರ ಮಾತು ಅಮ್ಮಾರು ತೊಳೆದ ತೋಟಾ ಇದ್ದಂಗೆ ನೋಡಪ್ಪ” ಎಂದರು. “ಹೊಳಪು ಭಾಳ. ಎಳೆದು ನೋಡಿದ್ರೆ ಠುಸ್.”